ಅಂಡ್ಯುಲೇಷನ್

ಅಲೆಯಂತೆ ಏರಿಳಿಯುವ ಚಲನೆ ಅಥವಾ ಆಕಾರವನ್ನು ಹೇಳುವ ಇಂಗ್ಲಿಷ್ ಪದ. ಲ್ಯಾಟಿನ್‌ನಲ್ಲಿ ಉಂಡ ಎಂದರೆ ಅಲೆ, ಉಂಡುಲ ಎಂದರೆ ಕಿರಿಯಲೆ. ಅಲ್ಲಿಂದ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ನೆರೆಗೆ ಹೇಳುವ ಇನಂಡೇಷನ್, ಸಮೃದ್ಧಿಗೆ ಹೇಳುವ ಅಬಂಡನ್ಸ್ ಇದೇ ಬುಡದ ಚಿಗುರುಗಳು. ಸಂಸ್ಕೃತದ ಉದಕವೂ ಇದಕ್ಕೆ ದೂರದ ನೆಂಟ.

ಹಾವು, ಹಾವುಮೀನುಗಳ ಬಳುಕುನಡೆ, ದಿಬ್ಬ ತಗ್ಗುಗಳ ನೆಲ, ಕಂಬದ ಮರದ ಎಲೆಯ ಅಲೆಅಲೆಯಾದ ಅಂಚು ಎಲ್ಲಕ್ಕೂ ಈ ಪದ ಸಲ್ಲುತ್ತದೆ. ಬಜರಿಗರ್ ಗಿಳಿಯ ವೈಜ್ಞಾನಿಕ ಹೆಸರಿನಲ್ಲಿರುವ ಉಂಡ್ಯುಲೇಟಸ್, ಅದರ ಮೈಮೇಲಿನ ಅಲೆಪಟ್ಟೆಗಳಿಂದ ಬಂದದ್ದು. ಭೌತವಿಜ್ಞಾನದಲ್ಲಿ ಪದದ ತೂಕ ಹೆಚ್ಚು: ಬೆಳಕು ಕಣಗಳ ಹರಿವೆಂದು ನ್ಯೂಟನ್ ನಂಬಿದ್ದರೆ, ಹೈಗೆನ್ಸ್ 1690ರ ಗ್ರಂಥದಲ್ಲಿ ಅದನ್ನು ಅಲೆಯೆಂದು ವಾದಿಸಿದ. ಮುಂದೆ ಥಾಮಸ್ ಯಂಗ್ ಪ್ರಯೋಗಗಳಿಂದ ಬಲ ತುಂಬಿದ ಆ ವಾದಕ್ಕೆ ಅಂಡ್ಯುಲೇಟರಿ ಸಿದ್ಧಾಂತವೆಂದೇ ಹೆಸರು.

ವೈದ್ಯರ ಬಳಕೆ ತುಸು ವಿಚಿತ್ರ. ಜ್ವರ ಏರಿ, ಇಳಿದು, ಮತ್ತೆ ಏರುವುದರಿಂದ ಬ್ರುಸೆಲ್ಲೋಸಿಸ್‌ಗೆ ಅಂಡ್ಯುಲಂಟ್ ಫೀವರ್ ಎಂಬ ಹೆಸರೂ ಇದೆ. ಇದರ ರೋಗಾಣುವನ್ನು 1887ರಲ್ಲಿ ಮಾಲ್ಟಾದಲ್ಲಿ ಬೇರ್ಪಡಿಸಿದವನು ಡೇವಿಡ್ ಬ್ರೂಸ್. ಸೋಂಕು ತಗಲಿದ ಆಡು, ದನಗಳ ಕಾಯಿಸದ ಹಾಲಿನಿಂದ ಇದು ಮನುಷ್ಯರಿಗೆ ಹರಡುತ್ತದೆ.