ನಗಿಸಲು ಬಂದ ಪ್ರಹಸನ



ಪ್ರತಿ ಡಿಸೆಂಬರಿನಲ್ಲೂ ನಮ್ಮ ಕಿರುನಾಟಕದ ಅಭ್ಯಾಸ ನೋಡಲು ಬಂದ ಹಿರಿಯರು ಯಾರಾದರೂ ಹೇಳುವುದುಂಟು: "ಹತ್ತು ನಿಮಿಷ ಜನರನ್ನು ನಗಿಸಿ, ಸಾಕು." ಕಳೆದ ಸಲ ಆ ಮಾತಿಗೇ ವರದಕ್ಷಿಣೆಯ ದೃಶ್ಯವನ್ನು ಕೈಬಿಟ್ಟೆವು. ನಗೆನಾಟಕಕ್ಕೆ ಅಷ್ಟೇ ಕೆಲಸವೇ? ಒಂದು ಹಳೆಯ ಕಥೆ ಹೇಳುತ್ತೇನೆ.

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ದೊಡ್ಡ ನಾಟಕದ ಜೊತೆಗೆ ಒಂದು ಚಿಕ್ಕ 'ಫಾರ್ಸ್' ಇರುತ್ತಿತ್ತು. 1847ರಲ್ಲಿ ಮೊದಲು ಆಡಿದ 'ಬಾಕ್ಸ್ ಆ್ಯಂಡ್ ಕಾಕ್ಸ್' ಅಂಥದ್ದು. ಮನೆಯೊಡತಿ ಒಂದೇ ಕೋಣೆಯನ್ನು ಹಗಲಿಗೆ ಒಬ್ಬನಿಗೆ, ರಾತ್ರಿಗೆ ಇನ್ನೊಬ್ಬನಿಗೆ ಬಾಡಿಗೆಗೆ ಕೊಡುತ್ತಾಳೆ. ಇಬ್ಬರಿಗೂ ಗುಟ್ಟು ತಿಳಿಯದು. ಮೂರೇ ಪಾತ್ರ, ಒಂದೇ ಕೋಣೆ. ಇಂಗ್ಲಿಷರೊಂದಿಗೆ ಈ ರೂಢಿ ಮುಂಬಯಿಗೂ ಬಂತು. 1853ರಲ್ಲಿ ಗ್ರಾಂಟ್ ರೋಡ್ ರಂಗಮಂದಿರದಲ್ಲಿ ಪಾರ್ಸಿಗಳು ರುಸ್ತುಂ-ಸೊಹ್ರಾಬರ ಕಥೆಯ ಜೊತೆ ಒಂದು ಪ್ರಹಸನವನ್ನೂ ಆಡಿದರು. ಮರಾಠಿ ಕಂಪನಿಗಳೂ ಪೌರಾಣಿಕ ನಾಟಕ ಮುಗಿದ ಮೇಲೆ 'ಫಾರ್ಸ್' ಆಡತೊಡಗಿದವು.

ಆ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ ವಿಷ್ಣುದಾಸ ಭಾವೆಯವರಿಗೆ ಪ್ರೇರಣೆ ಸಿಕ್ಕಿದ್ದು ನಮ್ಮ ಉತ್ತರ ಕನ್ನಡದಿಂದ ಸಾಂಗಲಿಗೆ ಹೋಗಿದ್ದ ಭಾಗವತರ ಆಟದಿಂದ. ಅವರ ಮೊದಲ ನಾಟಕ 1843ರದು. ಹೀಗೆ ಕನ್ನಡ ನಾಡಿನಿಂದ ಹೋದದ್ದು ಹೊಸ ವೇಷದಲ್ಲಿ ತಿರುಗಿ ಬಂತು. 1887ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದರು. ಪಾತ್ರಗಳು ಆಡುವುದು ಹವ್ಯಕರ ಮನೆಮಾತು. ವಿಷಯ ಮಾತ್ರ ನಗುವಂಥದ್ದಲ್ಲ: ಕನ್ಯಾವಿಕ್ರಯ, ಅಂದರೆ ಹಣ ತೆಗೆದುಕೊಂಡು ಹೆಣ್ಣುಮಗುವನ್ನು ಮದುವೆ ಮಾಡಿಕೊಡುವುದು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಇದನ್ನೇ ಗುರುತಿಸುತ್ತಾರೆ.

ನಮ್ಮ ಹೊಸೂರು ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಆದ್ದರಿಂದ 'ಕನ್ಯಾಶುಲ್ಕಂ' ಸಿನಿಮಾ ಅಜ್ಜಿಯರಿಗೆ ಗೊತ್ತಿರಬಹುದು. ಗುರಜಾಡ ಅಪ್ಪಾರಾವ್ ಅವರ ಆ ನಾಟಕ 1892ರಲ್ಲಿ ವಿಜಯನಗರಂನಲ್ಲಿ ರಂಗಕ್ಕೆ ಬಂತು. ಅಲ್ಲಿನ ಮಹಾರಾಜರು ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳ ಲೆಕ್ಕ ತೆಗೆಸಿದಾಗ ಇಂಥ 1,034 ಮದುವೆಗಳು ಪಟ್ಟಿಗೆ ಬಂದಿದ್ದವು. ಅದೇ ನೋವನ್ನು ಹಿಡಿದ ಮರಾಠಿಯ 'ಶಾರದಾ' ಬಂದದ್ದು 1899ರಲ್ಲಿ. ಕರ್ಕಿಯ ಪ್ರಹಸನ ಇವೆರಡಕ್ಕಿಂತ ಮೊದಲಿನದು.

ಯೋಚಿಸಿ ನೋಡಿ. ಊಟದ ಕೊನೆಯ ಬಾಳೆಹಣ್ಣಿನಂತೆ ಬಂದ ಫಾರ್ಸ್, ಎದುರಿಗೆ ನಿಂತು ಹೇಳಲಾಗದ ಮಾತನ್ನು ನಗುನಗುತ್ತಾ ಹೇಳಿತು. ತನ್ನದೇ ಮನೆಮಾತಿನಲ್ಲಿ ತನ್ನದೇ ತಪ್ಪು ಕೇಳಿದವನು ಮೊದಲು ನಗುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ.

ಅಂದು ಹೆಣ್ಣಿನ ತಂದೆ ಹಣ ತೆಗೆದುಕೊಳ್ಳುತ್ತಿದ್ದ, ಇಂದು ಗಂಡಿನ ಕಡೆಯವರು ಕೇಳುತ್ತಾರೆ. ಕೈ ಬದಲಾಗಿದೆ, ವ್ಯಾಪಾರ ಬದಲಾಗಿಲ್ಲ. ಈ ಸಲ ಆ ದೃಶ್ಯವನ್ನು ಉಳಿಸಿಕೊಳ್ಳೋಣವೇ?