ಹೊಳೆಯ ಎರಡು ದಂಡೆ: ಕೂಡಲಸಂಗಮಕ್ಕೆ ಹೋಗಿ ತಂಗಡಗಿ ಬಿಟ್ಟು ಬಂದೆವು

ತಿಕೋಟಾದವರು ಇಬ್ಬರು, ಬಬಲೇಶ್ವರದವರು ಒಬ್ಬರು. ನಸುಕಿನಲ್ಲಿ ವಿಜಯಪುರ ಬಸ್ ನಿಲ್ದಾಣದಲ್ಲಿ ಕೂಡಿ, ಚಹಾ ಕುಡಿದು ಹುನಗುಂದ ಕಡೆಯ ಬಸ್ ಹತ್ತಿದೆವು. ಮನಗೂಳಿ, ನಿಡಗುಂದಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ಕೂಡಲಸಂಗಮ ಕ್ರಾಸಿನಲ್ಲಿ ಇಳಿದೆವು. ನಮ್ಮ ಭಾಗದಲ್ಲಿ ಸಣ್ಣವರಿದ್ದಾಗ ಶಾಲೆಯ ಪ್ರವಾಸಕ್ಕೆ ಅಲ್ಲಿಗೆ ಹೋಗದವರು ಕಡಿಮೆ. ಆದರೆ ಆಗ ನೋಡಿದ್ದು ನೀರು, ತಿಂದದ್ದು ಚುರಮುರಿ, ಅಷ್ಟೇ ನೆನಪು.

ಈ ಸಲ ನಮಗೆ ಒಂದು ಪ್ರಶ್ನೆ ಇತ್ತು. ಹನ್ನೆರಡನೇ ಶತಮಾನದಲ್ಲಿ ಶರಣರು ಕೂಡಿ ಬಾಳಿದರು, ದುಡಿದು ಹಂಚಿ ಉಂಡರು ಅಂತ ಓದುತ್ತೇವೆ. ಅವರು ಬಾಳಿದ ಊರು ಇವತ್ತು ಕಣ್ಣಿಗೆ ಕಾಣುತ್ತದೆಯೇ?

ಕೃಷ್ಣಾ, ಮಲಪ್ರಭಾ ಕೂಡುವ ಜಾಗ ಇದು. ಬಾಗೇವಾಡಿಯ ಹುಡುಗ ಬಸವಣ್ಣ ಮನೆ ಬಿಟ್ಟು ಓದಲು ಬಂದದ್ದು ಇಲ್ಲಿಗೆ. ಮುಂದೆ ಮಂಗಳವೇಢೆ, ಕಲ್ಯಾಣ, ಬಿಜ್ಜಳನ ಭಂಡಾರ. 1167ರ ಸುಮಾರಿಗೆ ಕಲ್ಯಾಣದಲ್ಲಿ ಗಲಭೆ ಎದ್ದಾಗ ಮರಳಿ ಬಂದದ್ದೂ ಇಲ್ಲಿಗೇ. ಚಾಲುಕ್ಯರ ಕಾಲದ ಮಾದರಿಯ ಸಂಗಮನಾಥ ಗುಡಿ ದಂಡೆಯ ಮೇಲಿದೆ. ಬಸವಣ್ಣನ ಐಕ್ಯ ಮಂಟಪ ನೀರಿನ ನಡುವೆ ಇದೆ. ಸಣ್ಣ ಸೇತುವೆ ಮೇಲೆ ನಡೆದು ಹೋಗಿ, ಬಾವಿಯಂಥ ದುಂಡನೆಯ ಗೋಡೆಯ ಒಳಗೆ ಮೆಟ್ಟಿಲು ಇಳಿಯಬೇಕು.

ಇದು ಆಲಮಟ್ಟಿ ನೀರು ಅಂತ ಬಹಳ ಮಂದಿ ಹೇಳುತ್ತಾರೆ. ಅಲ್ಲ. ಆಲಮಟ್ಟಿ ಮೇಲಕ್ಕಿದೆ, ಇಲ್ಲಿ ನಿಂತದ್ದು ಕೆಳಗಿನ ನಾರಾಯಣಪುರದ ಬಸವಸಾಗರದ ಹಿನ್ನೀರು. ನೀರು ಬರುತ್ತದೆ ಅಂದಾಗ ಮಂಟಪವನ್ನು ಬೇರೆ ಕಡೆ ಒಯ್ಯಲಿಲ್ಲ. ಇದ್ದ ಜಾಗದಲ್ಲೇ ಬಿಟ್ಟು ಸುತ್ತ ಗೋಡೆ ಎತ್ತಿದರು.

ನಮ್ಮ ಮುಂದೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಇಳಿಯುತ್ತಿದ್ದಳು. ಕೆಳಗೆ ಮುಟ್ಟಿ ಗೋಡೆಗೆ ಅಂಗೈ ಇಟ್ಟಳು. "ಯಪ್ಪಾ, ಆಚೆ ಇಷ್ಟ ನೀರ ಐತಿ, ಒಳಗ ನೋಡ್ರಿ ಹೆಂಗ ಒಣಾ ಐತಿ" ಅಂದಳು. ಯಾವ ಊರು ಅಂತ ಕೇಳಿದೆವು. ಕೊಲ್ಹಾರದ ಕಡೆಯವಳು. ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. "ನಮ್ಮ ಮನಿಗಿ ಯಾರ ಗ್ವಾಡಿ ಕಟ್ಟತಾರ, ತಮ್ಮಾ" ಅಂದು ನಕ್ಕಳು. ಸಿಟ್ಟಿನ ಮಾತಲ್ಲ ಅದು. ಆದರೂ ನಾವು ಮೆಟ್ಟಿಲು ಹತ್ತಿ ಬರುವ ತನಕ ಒಬ್ಬರೂ ಮಾತಾಡಲಿಲ್ಲ.

ಹಾಗಾದರೆ ಉಳಿದದ್ದು ಏನು? ಗುಡಿ ಉಳಿದಿದೆ, ಮಂಟಪ ಉಳಿದಿದೆ. ಶರಣರ ಓಣಿ, ಕೇರಿ, ಅಂಗಳ ಇಲ್ಲಿ ಇಲ್ಲ. ನಮ್ಮದೇ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಬಟ್ಟೆ ಒಗೆದನು. ನುಲಿಯ ಚಂದಯ್ಯ ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಅಂದಳಂತೆ. ನಮ್ಮ ಮಟ್ಟಿಗೆ ಕಾಯಕ-ದಾಸೋಹದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಅದನ್ನು ಹೇಳಿದವಳು ಬಡವಿ.

ಲಕ್ಕಮ್ಮನ ಮಾತು ನಮ್ಮ ತನಕ ಬಂದದ್ದು ಕಲ್ಲಿನಿಂದ ಅಲ್ಲ, ತಾಡೋಲೆಯಿಂದ. ಈ ಕಥೆಯ ಅರ್ಧ ನಮ್ಮ ವಿಜಯಪುರ ಶಹರದಲ್ಲೇ ಇದೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲಿಗೆಂದು ಇಲ್ಲಿಗೆ ಬಂದರು. ಊರೂರು ತಿರುಗಿದರು. ಮಂದಿ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುತ್ತಿದ್ದ, ಯಾರೂ ಬಿಚ್ಚಿ ಓದದ ತಾಡೋಲೆ ಕಟ್ಟುಗಳನ್ನು ಕೇಳಿ ತಂದರು. 1923ರಲ್ಲಿ 'ವಚನ ಶಾಸ್ತ್ರ ಸಾರ' ಅಚ್ಚಾಯಿತು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ. 1964ರಲ್ಲಿ ತೀರಿಕೊಳ್ಳುವ ತನಕ ಇದೇ ಕೆಲಸ. ಸ್ವಂತ ಮನೆ ಕಳೆದುಕೊಂಡು ಬೇರೆಯವರ ಊರನ್ನು ಉಳಿಸಿದ ಮನುಷ್ಯ. ಪತ್ರಿಕೆ ನಡೆಸುವ ಕಷ್ಟ ಅಷ್ಟಿಷ್ಟು ಗೊತ್ತಿರುವ ನಮಗೆ ಅದು ಜಾಸ್ತಿ ನಾಟುತ್ತದೆ. 2024ರಲ್ಲಿ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಆ ಬಸವಣ್ಣನ ಮಾತು ಅಚ್ಚಿಗೆ ಬಂದದ್ದರ ಹಿಂದೆ ಈ ವಕೀಲರ ಮನೆಯ ದುಡ್ಡಿದೆ.

ಮಧ್ಯಾಹ್ನ ದಾಸೋಹದಲ್ಲಿ ಉಂಡೆವು. ಸಾಲಿನಲ್ಲಿ ಯಾರ ಪಕ್ಕ ಯಾರು ಕೂತರು ಅಂತ ಯಾರೂ ಕೇಳಲಿಲ್ಲ. ಇದೇ ಮಾತನ್ನು ನಮ್ಮ ಎಲ್ಲ ಊರುಗಳ ಪಂಕ್ತಿಗೆ ಹೇಳಲು ಬರುವುದಿಲ್ಲ, ಅದು ನಿಮಗೂ ಗೊತ್ತು.

ಇನ್ನೊಂದು ಮಂಟಪ ಇದೆ. ಹೊಳೆಯ ಆಚೆ ದಂಡೆಯ ತಂಗಡಗಿ, ನಮ್ಮದೇ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕು. ಹೆಂಡತಿ ನೀಲಮ್ಮನನ್ನು ಕರೆತರಲು ಬಸವಣ್ಣ ಹಡಪದ ಅಪ್ಪಣ್ಣನನ್ನು ಕಲ್ಯಾಣಕ್ಕೆ ಕಳಿಸಿದ್ದನಂತೆ. ಅವರು ತಂಗಡಗಿ ಮುಟ್ಟುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಬಂತು. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಅಂದುಕೊಂಡ ನೀಲಮ್ಮ ಹೊಳೆ ದಾಟಲಿಲ್ಲ, ಅಲ್ಲೇ ಐಕ್ಯಳಾದಳು ಅಂತ ಜನ ಹೇಳುತ್ತಾರೆ. ಅಪ್ಪಣ್ಣನೂ ಅಲ್ಲೇ. ಆ ಮಂಟಪಕ್ಕೂ ಹಿನ್ನೀರು ಸುತ್ತಿದೆ, ಅದಕ್ಕೂ ಗೋಡೆ ಇದೆ. ಆದರೆ ಶಾಲೆಯ ಪ್ರವಾಸದಲ್ಲಿ ನಮಗೆ ಅದನ್ನು ಯಾರೂ ತೋರಿಸಿರಲಿಲ್ಲ.

ಈಚೆ ದಂಡೆಯಲ್ಲಿ ನಿಂತು ಆ ಕಡೆ ನೋಡಿದೆವು. ರಸ್ತೆಯಿಂದ ಹೋಗುವುದಾದರೆ ಧನ್ನೂರ ಸೇತುವೆ ಸುತ್ತಿ ಹೋಗಬೇಕು. ಹೊತ್ತು ಇಳಿದಿತ್ತು, ವಿಜಯಪುರದ ಬಸ್ ತಪ್ಪಿದರೆ ತಿಕೋಟಾ ಮುಟ್ಟುವುದು ನಡುರಾತ್ರಿ. ನಾವೂ ನೀಲಮ್ಮನನ್ನು ಬಿಟ್ಟೇ ಬಂದೆವು. ಮುಂದಿನ ಸಲ ಮುದ್ದೇಬಿಹಾಳದ ಕಡೆಯಿಂದ ಹೋಗುವುದು, ಮೊದಲು ತಂಗಡಗಿ ನೋಡುವುದು ಅಂತ ಬಸ್ಸಿನಲ್ಲೇ ಮಾತಾಯಿತು.