ಅನಲಾಗ್ ಇನ್-ಮೆಮೊರಿ ಕಂಪ್ಯೂಟಿಂಗ್

ಅನಲಾಗ್ ಇನ್-ಮೆಮೊರಿ ಕಂಪ್ಯೂಟಿಂಗ್: ದತ್ತಾಂಶ ಸಂಗ್ರಹವಾಗಿರುವ ಮೆಮೊರಿ ಕೋಶಗಳಲ್ಲೇ ವಿದ್ಯುತ್ ಪ್ರವಾಹದ ಮೂಲಕ ಲೆಕ್ಕ ನಡೆಸುವ ಮಂಡಲ ವಿನ್ಯಾಸ ವಿಧಾನ. ಇದು ಅನಲಾಗ್ ಹಾಗೂ ಡಿಜಿಟಲ್ ಭಾಗಗಳನ್ನು ಒಂದೇ ಚಿಪ್‌ನಲ್ಲಿ ಕೂಡಿಸುವ ಮಿಶ್ರ ಸಂಕೇತ ಮಂಡಲಗಳ ಸಂಶೋಧನೆಯ ಹೊಸ ಶಾಖೆ. ಪ್ರೊಸೆಸರ್ ಮತ್ತು ಮೆಮೊರಿಗಳ ನಡುವೆ ದತ್ತಾಂಶ ಸಾಗಿಸಲು ತಗಲುವ ಶಕ್ತಿ, ಸಮಯಗಳನ್ನು ಉಳಿಸುವುದು ಇದರ ಉದ್ದೇಶ.

ಹಿನ್ನೆಲೆ: ಈ ವಿಧಾನದ ಮೆಮೊರಿ ಕೋಶವಾಗಿ ಬಳಸಬಹುದಾದ ಸಾಧನಗಳಲ್ಲಿ ಮೆಮ್ರಿಸ್ಟರ್ ಒಂದು; ಹಿಂದೆ ಹರಿದ ಪ್ರವಾಹಕ್ಕೆ ತಕ್ಕಂತೆ ಬದಲಾದ ರೋಧವನ್ನು ನೆನಪಿಡುವುದು ಇದರ ಗುಣ. ಲಿಯಾನ್ ಚುವಾ 1971ರಲ್ಲಿ ಇದರ ಪರಿಕಲ್ಪನೆಯನ್ನು ಮಂಡಿಸಿದರು; 2008ರಲ್ಲಿ ಎಚ್‌ಪಿ ಪ್ರಯೋಗಾಲಯವು ಟೈಟಾನಿಯಂ ಡೈಆಕ್ಸೈಡ್ ಸಾಧನದಲ್ಲಿ ಆ ಗುಣವನ್ನು ತೋರಿಸಿತು.

ಕಾರ್ಯವಿಧಾನ: ಅಡ್ಡ-ನೀಟ ತಂತಿಗಳ ಜಾಲದ ಪ್ರತಿ ಸಂಧಿಯಲ್ಲಿರುವ ಕೋಶದ ವಾಹಕತೆಯು ಒಂದು ಸಂಖ್ಯೆಯನ್ನು ಸೂಚಿಸುತ್ತದೆ. ಅಡ್ಡಸಾಲಿಗೆ ವೋಲ್ಟೇಜ್ ಕೊಟ್ಟಾಗ ಓಮ್ ನಿಯಮದಂತೆ ಗುಣಾಕಾರವೂ ಕಂಬಸಾಲಿನಲ್ಲಿ ಪ್ರವಾಹಗಳು ಸೇರಿದಾಗ ಕಿರ್ಚಾಫ್ ನಿಯಮದಂತೆ ಸಂಕಲನವೂ ನಡೆಯುತ್ತವೆ. ಹೀಗೆ ಮಾತೃಕೆ-ಸದಿಶ ಗುಣಲಬ್ಧ ಒಂದೇ ಹಂತದಲ್ಲಿ ದೊರೆಯುತ್ತದೆ. ಫಲಿತಾಂಶವನ್ನು ಅನಲಾಗ್-ಡಿಜಿಟಲ್ ಪರಿವರ್ತಕ ಅಂಕಿಗೆ ತಿರುಗಿಸುತ್ತದೆ.

ಮಿತಿಗಳು: ಗದ್ದಲ, ಕಾಲಕ್ರಮದಲ್ಲಿ ವಾಹಕತೆ ಬದಲಾಗುವುದು, ಕೋಶಗಳ ನಡುವಿನ ವ್ಯತ್ಯಾಸ, ಪರಿವರ್ತಕಗಳು ಬೇಡುವ ಜಾಗ ಮತ್ತು ಶಕ್ತಿ.

ಮಹತ್ವ: ನರಜಾಲಗಳ ಲೆಕ್ಕದ ಬಹುಪಾಲು ಇಂಥ ಗುಣಾಕಾರವೇ ಆದುದರಿಂದ ಕೃತಕ ಬುದ್ಧಿಮತ್ತೆಯ ಚಿಪ್‌ಗಳಿಗೆ ಈ ವಿಧಾನ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ತಂಡ 14-ಬಿಟ್ ನಿಖರತೆಯ ಆಣ್ವಿಕ ಮೆಮ್ರಿಸ್ಟರ್ ಕುರಿತ ಪ್ರಬಂಧವನ್ನು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು.